ಕೊಪ್ಪಳ ಜಿಲ್ಲೆಗೆ ಸಮೀಪದ ವಿಮಾನ ನಿಲ್ದಾಣಗಳು: ದೂರ ಮತ್ತು ಹಾರಾಟದ ಅವಧಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳ ಸಾರ್ವಜನಿಕರು ಸಂದರ್ಶನ, ಕಚೇರಿ ವಿಚಾರಣೆ ಅಥವಾ ಚಿಕಿತ್ಸೆಯ ನಿಮಿತ್ತ ನಿಗದಿತ ವೇಳೆಗೆ ಬೆಂಗಳೂರನ್ನು ತಲುಪಬೇಕಾದ ಸಂದರ್ಭಗಳಲ್ಲಿ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒದಗಿಸಲಾಗಿದೆ.

ಜಿಲ್ಲೆಯೊಳಗೆ ಸಾರ್ವಜನಿಕ ವಿಮಾನ ಸೇವೆ ಇರುವುದಿಲ್ಲ. ಗಿಣಿಗೇರಾ ಸಮೀಪದ ರನ್‌ವೇ ಖಾಸಗಿ ಕಂಪನಿಗೆ ಸೇರಿದ್ದಾಗಿದೆ. ಆದುದರಿಂದ ಪೂರ್ವಕ್ಕೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ ವಿದ್ಯಾನಗರ (ಜಿಂದಾಲ್) ವಿಮಾನ ನಿಲ್ದಾಣವನ್ನು, ಪಶ್ಚಿಮಕ್ಕೆ ಹುಬ್ಬಳ್ಳಿ ವಿಮಾನ ನಿಲ್ದಾಣವನ್ನು ಅವಲಂಬಿಸಬೇಕಾಗುತ್ತದೆ. ಕೊಪ್ಪಳ ನಗರದಿಂದ ರಸ್ತೆಯ ಮೂಲಕ ವಿದ್ಯಾನಗರ ಸುಮಾರು 70 ಕಿ.ಮೀ., ಹುಬ್ಬಳ್ಳಿ ಸುಮಾರು 120 ಕಿ.ಮೀ. ದೂರದಲ್ಲಿವೆ.

ಈ ಎರಡು ನಿಲ್ದಾಣಗಳ ನಡುವಿನ ವೈಮಾನಿಕ ಅಂತರ ಸುಮಾರು 168 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ ಇದು ಕೇವಲ 20 ನಿಮಿಷದ ಹಾರಾಟ. ಆದರೆ ಬೆಂಗಳೂರಿನ ಮೂಲಕ ಟಿಕೆಟ್ ಪಡೆದಲ್ಲಿ ವಿದ್ಯಾನಗರದಿಂದ 248 ಹಾಗೂ ಅಲ್ಲಿಂದ ಹುಬ್ಬಳ್ಳಿಗೆ 370, ಒಟ್ಟು 618 ಕಿ.ಮೀ. ಹಾರಬೇಕಾಗುತ್ತದೆ. ಇಂತಹ ಪ್ರಯಾಣಕ್ಕೆ ಕೊಪ್ಪಳ, ಗದಗ ಮಾರ್ಗದ ರಸ್ತೆಯೇ ಲೇಸು.

ಟಿಕೆಟ್‌ನಲ್ಲಿ ನಮೂದಿಸುವ ಅವಧಿಯು ಆಕಾಶದಲ್ಲಿರುವ ಸಮಯ ಮಾತ್ರವಲ್ಲ ಎಂಬುದನ್ನು ಗಮನಿಸತಕ್ಕದ್ದು. ವಿಮಾನವು ನಿಂತ ಸ್ಥಳದಿಂದ ಹೊರಟು, ಇಳಿದ ನಂತರ ಮತ್ತೆ ನಿಗದಿತ ಸ್ಥಳದಲ್ಲಿ ನಿಲ್ಲುವವರೆಗಿನ ಕಾಲವೆಲ್ಲವೂ ಅದರಲ್ಲಿ ಸೇರಿರುತ್ತದೆ. ಆ ಕಾರಣದಿಂದ ವಿದ್ಯಾನಗರ–ಬೆಂಗಳೂರು ನಡುವಿನ ದೂರ ಹುಬ್ಬಳ್ಳಿಗಿಂತ 122 ಕಿ.ಮೀ. ಕಡಿಮೆಯಿದ್ದರೂ ಟಿಕೆಟ್‌ನಲ್ಲಿನ ಅವಧಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಂಡುಬರುವುದಿಲ್ಲ. ಎರಡೂ ಸುಮಾರು ಒಂದು ಗಂಟೆಯ ಆಸುಪಾಸಿನವು. ಉಳಿತಾಯವಾಗುವುದು ರಸ್ತೆಯಲ್ಲಿ. ಕೊಪ್ಪಳದವರಿಗೆ ವಿದ್ಯಾನಗರ ತಲುಪಲು ಸುಮಾರು ಒಂದೂವರೆ ಗಂಟೆ ಸಾಕು, ಹುಬ್ಬಳ್ಳಿಗೆ ಎರಡೂವರೆ ಗಂಟೆ ಬೇಕು. ಇದಕ್ಕೆ ನಿಲ್ದಾಣದಲ್ಲಿನ ಒಂದು ಗಂಟೆಯನ್ನೂ, ದೇವನಹಳ್ಳಿಯಿಂದ ಬೆಂಗಳೂರು ನಗರದೊಳಗೆ ಹೋಗುವ ಒಂದು ಗಂಟೆಗೂ ಹೆಚ್ಚಿನ ಸಮಯವನ್ನೂ ಸೇರಿಸಿಕೊಳ್ಳಬೇಕು.

ಗಂಗಾವತಿಯವರಿಗೆ ಕಂಪ್ಲಿ ಮಾರ್ಗ ಹತ್ತಿರವಾದರೂ, ತುಂಗಭದ್ರಾ ಜಲಾಶಯದಿಂದ ನದಿಗೆ ಹೆಚ್ಚಿನ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಡೆಯಾಗಿ ಸಂಚಾರ ಸ್ಥಗಿತಗೊಳ್ಳುವುದುಂಟು. ಮಳೆಗಾಲದಲ್ಲಿ ವಿಚಾರಿಸದೆ ಈ ದಾರಿ ಹಿಡಿದು ವಿಮಾನ ತಪ್ಪಿಸಿಕೊಳ್ಳಬಾರದು. ಹೊಸಪೇಟೆಯ ಮೂಲಕ ಹೋಗುವುದು ಕ್ಷೇಮ. ಕುಷ್ಟಗಿಯವರು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊಸಪೇಟೆಗೆ ಬಂದು ತೋರಣಗಲ್ಲಿಗೆ ಹೋಗಬಹುದು. ಯಲಬುರ್ಗಾದವರಿಗೆ ಕುಕನೂರು, ಗದಗ ಮಾರ್ಗವಾಗಿ ಹುಬ್ಬಳ್ಳಿಯೂ ಅನುಕೂಲಕರ. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ–ಕುಷ್ಟಗಿ ರೈಲು ಆರಂಭವಾಗಿರುವುದರಿಂದ ಈ ಭಾಗದವರಿಗೆ ಇನ್ನೊಂದು ದಾರಿ ತೆರೆದಂತಾಗಿದೆ.

ವಿದ್ಯಾನಗರದಿಂದ ಉಡಾನ್ ಯೋಜನೆಯಡಿ 2017ರಲ್ಲಿ ಸೇವೆ ಆರಂಭಿಸಿದ ಟ್ರೂಜೆಟ್ ಸಂಸ್ಥೆಯು 2022ರಲ್ಲಿ ಹಾರಾಟ ನಿಲ್ಲಿಸಿತು. ನಂತರ ಬೇರೆ ಸಂಸ್ಥೆಗಳು ಬಂದವು. ಸಣ್ಣ ನಿಲ್ದಾಣಗಳಲ್ಲಿ ವೇಳಾಪಟ್ಟಿ ಹೀಗೆ ಬದಲಾಗುತ್ತಿರುವುದರಿಂದ, ಸಂದರ್ಶನ ಅಥವಾ ಶಸ್ತ್ರಚಿಕಿತ್ಸೆಯಂತಹ ತಪ್ಪಿಸಲಾಗದ ಕಾರ್ಯವಿದ್ದಲ್ಲಿ ಅದೇ ದಿನದ ವಿಮಾನವನ್ನು ನೆಚ್ಚದೆ ಹಿಂದಿನ ದಿನವೇ ಹೊರಡುವುದು ಉಚಿತ. ವಿಮಾನ ರದ್ದಾದಲ್ಲಿ ಕೊಪ್ಪಳ, ಹೊಸಪೇಟೆ ಮಾರ್ಗವಾಗಿ ರಾತ್ರಿ ಸಂಚರಿಸುವ ಹಂಪಿ ಎಕ್ಸ್‌ಪ್ರೆಸ್ ಇದೆ.

ರೋಗಿಗಳನ್ನು ಕರೆದೊಯ್ಯುವವರು ಟಿಕೆಟ್ ಪಡೆಯುವ ಮುನ್ನವೇ ವಿಮಾನ ಸಂಸ್ಥೆಗೆ ತಿಳಿಸಿ, ಅಗತ್ಯವಿದ್ದಲ್ಲಿ ಪ್ರಯಾಣಕ್ಕೆ ಯೋಗ್ಯರೆಂಬ ವೈದ್ಯರ ಪ್ರಮಾಣಪತ್ರವನ್ನು ಪಡೆದಿರತಕ್ಕದ್ದು. ಭಾವಚಿತ್ರವಿರುವ ಮೂಲ ಗುರುತಿನ ಚೀಟಿಯನ್ನು ಎಲ್ಲರೂ ಜೊತೆಯಲ್ಲಿಟ್ಟುಕೊಳ್ಳಲು ಕೋರಲಾಗಿದೆ.