ರತ್ಲಾಮಿನ ಚರಂಡಿ

ರಜೆಗೆ ಊರಿಗೆ ಹೋದಾಗ ಚರಂಡಿ ನಾರಿದರೆ ನಾವು ಪುರಸಭೆಯನ್ನು ಬೈದು ಸುಮ್ಮನಾಗುತ್ತೇವೆ. ಮಧ್ಯಪ್ರದೇಶದ ರತ್ಲಾಮಿನ ನ್ಯೂ ರೋಡ್ ನಿವಾಸಿಗಳು ಸುಮ್ಮನಾಗಲಿಲ್ಲ.

ಅಲ್ಲಿ ಆಲ್ಕೋಹಾಲ್ ಕಾರ್ಖಾನೆಯ ಹೊಲಸು ನೀರು ರಸ್ತೆಗೇ ಹರಿಯುತ್ತಿತ್ತು. ಸರಿಯಾದ ಚರಂಡಿಯಿಲ್ಲ. ಕಕ್ಕಸಿಲ್ಲದ ಬಡವರಿಗೆ ಬಯಲೇ ಗತಿ. 1961ರ ಪುರಸಭಾ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ನೈರ್ಮಲ್ಯ ಕಾಪಾಡುವುದು ಪುರಸಭೆಯ ಕರ್ತವ್ಯ. ಜನ ಪರಿಹಾರಧನ ಕೇಳಲಿಲ್ಲ, ಕೆಲಸ ಮಾಡಿಸಿಕೊಡಿ ಎಂದು ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಅವರು ಒಪ್ಪಿದರು, ಸೆಷನ್ಸ್ ಕೋರ್ಟ್ ಒಪ್ಪಲಿಲ್ಲ, ಹೈಕೋರ್ಟ್ ಮತ್ತೆ ಒಪ್ಪಿತು.

ಪುರಸಭೆಯ ವಾದ ಕೇಳಿ: ನಮ್ಮಲ್ಲಿ ದುಡ್ಡಿಲ್ಲ, ಮೇಲಾಗಿ, ಕೊಳಕು ಗೊತ್ತಿದ್ದೇ ಇವರು ಅಲ್ಲಿ ಮನೆ ಮಾಡಿದ್ದಾರೆ! (ಊರಿನ ಕಚೇರಿಗಳಲ್ಲಿ ಇಂಥ ಮಾತನ್ನು ನಾವೂ ಕೇಳಿದವರೇ.)

1980ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿ. ಆರ್. ಕೃಷ್ಣ ಅಯ್ಯರ್ ಮತ್ತು ಒ. ಚಿನ್ನಪ್ಪ ರೆಡ್ಡಿ ಈ ವಾದವನ್ನು ತಳ್ಳಿಹಾಕಿದರು. ಕಾನೂನು ಹೊರಿಸಿದ ಹೊಣೆಗೆ ಖಾಲಿ ಖಜಾನೆ ನೆಪವಾಗದು. ಹಣ ಸಾಲದಿದ್ದರೆ ಸರ್ಕಾರದಿಂದ ಸಾಲವನ್ನೋ ಅನುದಾನವನ್ನೋ ತರಬೇಕು. ಸುಮಾರು 6 ಲಕ್ಷ ರೂಪಾಯಿಯ ಕಾಮಗಾರಿ, ಒಂದು ವರ್ಷದ ಗಡುವು. ಆದೇಶ ಮೀರಿದರೆ ಅಧಿಕಾರಿಗಳಿಗೇ ಶಿಕ್ಷೆಯಾದೀತೆಂಬ ಎಚ್ಚರಿಕೆ ಬೇರೆ. ಸೊಳ್ಳೆಗಳನ್ನೂ ತೀರ್ಪು ಮರೆಯಲಿಲ್ಲ: 12ನೇ ವಾರ್ಡಿನಲ್ಲಿ ಅವು ಹುಟ್ಟದಂತೆ ನೋಡಿಕೊಳ್ಳಲು ಸರ್ಕಾರ ಮಲೇರಿಯಾ ವಿಭಾಗಕ್ಕೆ ತಿಳಿಸಬೇಕು ಎಂದಿತು.