ಕೆಂಡದ ಮೇಲಿನ ಚರಿತ್ರೆ

ಜಪಾನಿ ಭಾಷೆಯಲ್ಲಿ ‘ಯಾಕಿ’ ಎಂದರೆ ಸುಟ್ಟದ್ದು, ‘ತೋರಿ’ ಎಂದರೆ ಹಕ್ಕಿ. ಕೋಳಿ ಮಾಂಸದ ಸಣ್ಣ ತುಂಡುಗಳನ್ನು ಬಿದಿರಿನ ಕಡ್ಡಿಗೆ ಪೋಣಿಸಿ, ಕೆಂಡದ ಮೇಲೆ ಸುಡುವ ಯಾಕಿತೋರಿಯನ್ನು ನೋಡಿದರೆ ನಮಗೆ ನಮ್ಮ ಸೀಖ್ ಕಬಾಬ್ ನೆನಪಾಗುತ್ತದೆ. ಆದರೆ ಅದು ನಡೆದು ಬಂದ ದಾರಿಯೇ ಬೇರೆ.

ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ ಮತ್ತು ಕೋಳಿಯ ಮಾಂಸವನ್ನು ವರ್ಷದ ನಾಲ್ಕನೇ ತಿಂಗಳಿನಿಂದ ಒಂಬತ್ತನೇ ತಿಂಗಳವರೆಗೆ ನಿಷೇಧಿಸಿದ. ಜಿಂಕೆ, ಕಾಡುಹಂದಿಗಳಿಗೆ ನಿಷೇಧವಿರಲಿಲ್ಲ. ಕಾಲಕ್ರಮೇಣ ಬೌದ್ಧರ ಅಹಿಂಸೆಯೂ ಶಿಂತೋ ಧರ್ಮದ ಮೈಲಿಗೆಯೂ ಸೇರಿ ಮಾಂಸದ ಬಗ್ಗೆ ಹೇಸಿಗೆ ಬೆಳೆಯಿತು. ಆ ಹೇಸಿಗೆ ತಟ್ಟೆಗಷ್ಟೇ ನಿಲ್ಲಲಿಲ್ಲ. ಸತ್ತ ದನದ ಚರ್ಮ ಸುಲಿಯುವವರು, ಹದ ಮಾಡುವವರು ಊರಾಚೆಗೆ ತಳ್ಳಲ್ಪಟ್ಟರು. ಅವರು ಹದ ಮಾಡಿದ ಚರ್ಮ ಮಾತ್ರ ಎಲ್ಲರಿಗೂ ಬೇಕಿತ್ತು! 1871ರಲ್ಲಿ ಸರಕಾರ ಈ ಅಸ್ಪೃಶ್ಯತೆಯನ್ನು ಕಾನೂನಿನಿಂದ ತೆಗೆದುಹಾಕಿತು. ಮರುವರ್ಷ ಮೇಜಿ ಚಕ್ರವರ್ತಿಯೇ ಗೋಮಾಂಸ ತಿಂದ ಸುದ್ದಿ ಬಹಿರಂಗವಾಯಿತು. ದೊರೆ ತಿಂದದ್ದು ನಾಗರಿಕತೆಯಾಯಿತು. ಚರ್ಮ ಸುಲಿದವನ ಮಕ್ಕಳಿಗೆ ಅಂಟಿದ ಕಳಂಕ ಮಾತ್ರ ಅಳಿಯಲಿಲ್ಲ.

ಆ ದಿನಗಳಲ್ಲಿ ಕೋಳಿ ದುಬಾರಿ. ಹೋಟೆಲುಗಳು ಬಿಸಾಡುತ್ತಿದ್ದ ಕರುಳು, ಎಲುಬಿಗಂಟಿದ ಚೂರುಗಳನ್ನೇ ಗಾಡಿಯವರು ತಂದು ಸುಟ್ಟು, ವಾಸನೆ ಮುಚ್ಚಲು ಸಿಹಿ ಬೆರೆತ ಸೋಯಾ ರಸ ಸವರಿ ಕೂಲಿಗಳಿಗೆ ಮಾರಿದರು. ಯುದ್ಧಾನಂತರ, 1960ರ ದಶಕದಲ್ಲಿ ಬ್ರಾಯ್ಲರ್ ಕೋಳಿ ಅಗ್ಗವಾದ ಮೇಲಷ್ಟೇ ಯಾಕಿತೋರಿ ಎಲ್ಲರ ತಿನಿಸಾಯಿತು.

ಇಂದು ಪೌಷ್ಟಿಕತೆಯ ಲೆಕ್ಕ ಹಾಕಿದರೆ, ಹೀಗೆ ಬಿಸಾಡಿದ್ದರಲ್ಲೇ ಸತ್ವವಿತ್ತು ಎಂದು ತಿಳಿಯುತ್ತದೆ. 100 ಗ್ರಾಂ ಕೋಳಿ ಕಲೇಜಿಯಲ್ಲಿ ಸುಮಾರು 9 ಮಿಲಿಗ್ರಾಂ ಕಬ್ಬಿಣಾಂಶವಿದೆ. ಎದೆಮಾಂಸದಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಕಲೇಜಿಯಲ್ಲಿ ‘ಎ’ ಜೀವಸತ್ವ ಬಹಳ ಹೆಚ್ಚಿರುವುದರಿಂದ ಗರ್ಭಿಣಿಯರು ಅದನ್ನು ಮಿತಿಯಲ್ಲಿಡಬೇಕು. ಚರ್ಮದಲ್ಲಿ ಕೊಬ್ಬು, ಸೋಯಾ ರಸದಲ್ಲಿ ಉಪ್ಪು ಹೆಚ್ಚು. ಮಾಂಸದಲ್ಲಿಲ್ಲದ ನಾರಿನಂಶವನ್ನು ಜೊತೆಗೆ ಸುಡುವ ಈರುಳ್ಳಿ ದಂಟು, ಅಣಬೆ, ಹಸಿಮೆಣಸು ತುಂಬುತ್ತವೆ. ಕಪ್ಪಗೆ ಕರಕಲಾದ ಭಾಗವನ್ನು ಬಿಡುವುದೇ ಕ್ಷೇಮ.

ನಮ್ಮ ಓದುಗರು ಇನ್ನೊಂದನ್ನೂ ಗಮನಿಸಬೇಕು. ಆ ಸಿಹಿ ರಸಕ್ಕೆ ಸಾಮಾನ್ಯವಾಗಿ ಅಕ್ಕಿಯ ಮದ್ಯ ಬೆರೆಸುತ್ತಾರೆ. ಮುರೊರಾನ್ ಪಟ್ಟಣದಲ್ಲಂತೂ ಹಂದಿಮಾಂಸಕ್ಕೇ ಯಾಕಿತೋರಿ ಎನ್ನುತ್ತಾರೆ. ಹಲಾಲ್ ಅಲ್ಲದ್ದನ್ನು ನಾವು ತಿನ್ನುವುದಿಲ್ಲ, ಅದು ನಮ್ಮ ವಿಶ್ವಾಸ. ಆದರೆ ತಿನ್ನದಿರುವುದು ಬೇರೆ, ತಿನ್ನುವವನನ್ನು ಕೀಳಾಗಿ ಕಾಣುವುದು ಬೇರೆ. ಜಪಾನಿನ ಚರಿತ್ರೆಯಲ್ಲಿ ಈ ಎರಡರ ನಡುವಿನ ಗೆರೆ ಅಳಿಸಿಹೋದಾಗ ಏನಾಯಿತೆಂಬುದನ್ನು, ಊಟದ ಹೆಸರಿನಲ್ಲಿ ಜಗಳವಾಡುವ ನಾವೆಲ್ಲರೂ ಓದಬೇಕಿದೆ.