ಗದ್ದೆಯೊಳಗಿನ ಕಬ್ಬಿಣದ ಕಾರ್ಖಾನೆ

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿ ಊದುಕುಲುಮೆ ಹೊತ್ತಿಕೊಂಡಾಗ ಆ ಹೆಸರಿಗೆ ಹೊಸ ಅರ್ಥವೇ ಬಂತು. ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು, ಮಲೆನಾಡಿನ ಕಾಡು ಕಡಿದು ಸುಟ್ಟ ಇದ್ದಿಲು. ಇದ್ದಿಲಿನ ಕಾರ್ಬನ್ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತೆ, ಕಬ್ಬಿಣ ಉಳಿಯುತ್ತೆ. ವಿಶ್ವೇಶ್ವರಯ್ಯನವರ ಹೆಸರಿನ ಜೊತೆ ಈ ಕಥೆ ನಮಗೆಲ್ಲ ಗೊತ್ತು.

ಗೊತ್ತಿಲ್ಲದ ಕಥೆ ಕಾರ್ಖಾನೆಯ ಕಾಂಪೌಂಡಿನ ಹೊರಗಿದೆ. ಕುಲುಮೆ ಬರುವುದಕ್ಕೆ ಎಷ್ಟೋ ಮೊದಲಿಂದ ಸುತ್ತಲಿನ ಭತ್ತದ ಗದ್ದೆಗಳಲ್ಲಿ ಇಂಥದ್ದೇ ಕೆಲಸ ನಡೀತಿತ್ತು. ಬೆಂಕಿ ಇಲ್ಲದೆ, ನೀರಿನಡಿಯಲ್ಲಿ.

ಗದ್ದೆಗೆ ನೀರು ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಮಣ್ಣಿನೊಳಗಿನ ಆಮ್ಲಜನಕ ಖಾಲಿಯಾಗುತ್ತೆ. ಆಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಕೆಂಪುಮಣ್ಣಿನ ಕಬ್ಬಿಣವನ್ನೇ ಬಳಸಿಕೊಳ್ಳುತ್ತವೆ. ಇದ್ದಿಲಿನ ಬದಲು ಕೊಳೆತ ಸೊಪ್ಪು, ಹುಲ್ಲು. ಕುಲುಮೆಯಲ್ಲಿ ಬರುವಂತೆ ಲೋಹ ಬರಲ್ಲ. ಕಬ್ಬಿಣ ನೀರಿನಲ್ಲಿ ಕರಗುತ್ತೆ, ಅಷ್ಟೇ. ಆದರೆ ಅದರ ಜೊತೆ ಕಬ್ಬಿಣ ಬಿಗಿಯಾಗಿ ಹಿಡಿದಿಟ್ಟಿದ್ದ ರಂಜಕವೂ ಬಿಡುಗಡೆಯಾಗುತ್ತೆ. ಮಲೆನಾಡಿನ ಹುಳಿಮಣ್ಣಿನ ಹುಳಿಯೂ ತಗ್ಗುತ್ತೆ.

ಈಗ ಬೇರಿನ ಸರದಿ. ಉಸಿರುಕಟ್ಟುವ ಕೆಸರಿನಲ್ಲಿ ಭತ್ತ ಬದುಕುವುದು ಬೇರಿನೊಳಗಿನ ಗಾಳಿನಳಿಕೆಗಳಿಂದ. ಎಲೆಯಿಂದ ಇಳಿದ ಆಮ್ಲಜನಕ ಎಳೆಬೇರಿನ ತುದಿಯ ಬಳಿ ಸ್ವಲ್ಪ ಸೋರುತ್ತೆ. ಅಲ್ಲಿ ಕರಗಿದ ಕಬ್ಬಿಣ ಮತ್ತೆ ತುಕ್ಕಾಗುತ್ತೆ. ಬಲಿತ ಪೈರು ಕಿತ್ತರೆ ಬೇರಿಗೆ ಮೆತ್ತಿಕೊಂಡ ಕೆಂಪು ಕಾಣುತ್ತಲ್ಲ, ಅದು ಬರೀ ಮಣ್ಣಲ್ಲ, ತುಕ್ಕು. ಹೀಗೆ ಒಂದೇ ಬೇರಿನ ಸುತ್ತ ಎರಡು ಲೋಕ. ಬೇರಿಗೆ ಅಂಟಿಕೊಂಡಲ್ಲಿ ಆಮ್ಲಜನಕ ಬೇಕೆನ್ನುವ, ಮೀಥೇನನ್ನು ತಿನ್ನುವ ಬ್ಯಾಕ್ಟೀರಿಯಾಗಳು. ಕೆಲವೇ ಮಿಲಿಮೀಟರ್ ಆಚೆ, ಆಮ್ಲಜನಕ ಸೋಕಿದರೆ ಸೊರಗುವ, ಮೀಥೇನ್ ಮಾಡುವ ಜೀವಿಗಳು. ಬೇರಿನ ಸುತ್ತಲಿನ ಈ ಜಾಗಕ್ಕೆ ಜರ್ಮನಿಯ ಲೊರೆಂಜ್ ಹಿಲ್ಟ್ನರ್ 1904ರಲ್ಲಿ ರೈಜೋಸ್ಫಿಯರ್ ಅಂತ ಹೆಸರಿಟ್ಟ. ಅಲ್ಲಿ ಯಾರು ಬಾಳಬೇಕು ಅನ್ನುವುದನ್ನು ಬಹುಮಟ್ಟಿಗೆ ಬೇರೇ ತೀರ್ಮಾನಿಸುತ್ತೆ.

ಹಾಗಂತ ಭತ್ತ ಸಾಧು ಅಲ್ಲ. ಉಳಿದ ಮೀಥೇನಿನ ಬಹುಪಾಲು ಅದೇ ನಳಿಕೆ ಹತ್ತಿ ಆಕಾಶಕ್ಕೆ ಹೋಗುತ್ತೆ, ಭೂಮಿಯನ್ನು ಬಿಸಿ ಮಾಡುತ್ತೆ.

1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದ ಮೇಲೆ ನಾಲೆಯ ನೀರು ಇಂಥ ಗದ್ದೆಗಳನ್ನು ಹೆಚ್ಚಿಸಿತು. ಅದೇ ನಾಲೆಯ ಪಕ್ಕ ಈಗ ಹೋಗಿ ನೋಡಿ, ಅಡಿಕೆ. ಶಿವಮೊಗ್ಗದಿಂದ ಭದ್ರಾವತಿ ದಾಟಿ ಚನ್ನಗಿರಿಯವರೆಗೂ ಅಡಿಕೆ. ರೈತರನ್ನು ದೂರುವ ಹಾಗಿಲ್ಲ. ನಾಟಿಗೆ ಆಳು ಸಿಗಲ್ಲ, ಭತ್ತಕ್ಕೆ ರೇಟಿಲ್ಲ. ಬೆಂಗಳೂರಲ್ಲಿ ಕೂತು ಕೋಡ್ ಬರೆಯುವ ನನ್ನಂಥವರು ಊರು ಬಿಟ್ಟಿದ್ದೂ ಆಳಿನ ಲೆಕ್ಕದಲ್ಲೇ ಬರುತ್ತೆ.

ಆದರೆ ಅಡಿಕೆಯ ಬೇರು ಬೇರೆಯೇ ಜಾತಿ. ತಾಯಿಬೇರಿಲ್ಲ, ಬುಡದಿಂದ ಹಗ್ಗದ ಹಾಗೆ ಸುತ್ತ ಹರಡುತ್ತೆ. ಅದರೊಳಗೆ ವಾಸವಿರುವ ಶಿಲೀಂಧ್ರಗಳು ನೂಲಿಗಿಂತ ಸಣ್ಣ ಎಳೆ ಚಾಚಿ ರಂಜಕ ತಂದುಕೊಡುತ್ತವೆ. ವರ್ಷಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಆ ಶಿಲೀಂಧ್ರಗಳು ಕಡಿಮೆ. ಅಡಿಕೆಗೆ ನಿಂತ ನೀರು ಆಗಿಬರಲ್ಲ, ಹಾಗಾಗಿ ಬಸಿಗಾಲುವೆ ತೋಡಬೇಕು. ತಗ್ಗಿನ ಗದ್ದೆಯಲ್ಲಿ ನೀರು ಸರಿಯಾಗಿ ಬಸಿಯದಿದ್ದರೆ ಕಾಯುವುದು ಬೇರೊಂದು ಶಿಲೀಂಧ್ರ: ಅಣಬೆ ರೋಗ. ಸತ್ತ ಮರದ ಬೊಡ್ಡೆ, ಬೇರು ಮಣ್ಣಲ್ಲೇ ಬಿಟ್ಟರೆ ಅದು ಪಕ್ಕದ ಮರಕ್ಕೂ ದಾಟುತ್ತೆ.

ಇಲ್ಲಿ ಹಿಂದಿರುಗುವ ದಾರಿ ಸುಲಭವಿಲ್ಲ. ಗದ್ದೆಯಲ್ಲಿ ನೀರು ನಿಲ್ಲುವುದು ಅಡಿಯ ಗಟ್ಟಿ ಪದರದಿಂದ. ಆ ಪದರ ತಲೆಮಾರುಗಳ ಕಾಲ ಕೆಸರಲ್ಲಿ ಉತ್ತು, ತುಳಿದು ಆದದ್ದು. ಬಸಿಗಾಲುವೆ ಅದನ್ನು ಒಂದೇ ದಿನದಲ್ಲಿ ಸೀಳುತ್ತೆ. ನೀರು ಬಸಿದು ಹೋದರೆ ಕಬ್ಬಿಣ ಕರಗುವ ಕೆಲಸವೂ ನಿಲ್ಲುತ್ತೆ. ಪುಕ್ಕಟೆ ಸಿಗುತ್ತಿದ್ದ ರಂಜಕಕ್ಕೂ ಹುಳಿ ತಗ್ಗಿಸುವುದಕ್ಕೂ ಆಮೇಲೆ ಗೊಬ್ಬರ, ಸುಣ್ಣ ಅಂತ ದುಡ್ಡು ಸುರಿಯಬೇಕು.

ಕುಲುಮೆ ಹೊತ್ತಿದ ವರ್ಷ ದಾಖಲೆಯಲ್ಲಿದೆ. ಗದ್ದೆ ತೋಟವಾದ ವರ್ಷ ದೊಡ್ಡವರ ನೆನಪಿನಲ್ಲಿ ಮಾತ್ರ. ಮುಂದಿನ ಸಲ ಊರಿಗೆ ಹೋದಾಗ ಕೇಳಿ, ಯಾವ ಗದ್ದೆ ಯಾವ ವರ್ಷ ತೋಟವಾಯ್ತು ಅಂತ. ಸರ್ವೆ ನಂಬರಿನ ಪಕ್ಕ ಬರೆದಿಡಿ. ಊರಿನ ಇತಿಹಾಸದಲ್ಲಿ ಅದೂ ಒಂದು ಇಸವಿ.